ಕಸ ಸಂಗ್ರಹ ತ್ರಿಚಕ್ರ ವಾಹನವನ್ನು ಪಿಕಪ್‌ನಲ್ಲಿ ಸಾಗಿಸುವಾಗ ವಹಿಸಬೇಕಾದ ಎಚ್ಚರಿಕೆ

ಗ್ರಾಮ ಪಂಚಾಯಿತಿಗಳ ಮಾನ್ಯ ಸದಸ್ಯರ ಗಮನಕ್ಕೆ,

ಮನೆ ಮನೆಯಿಂದ ಕಸ ಸಂಗ್ರಹಿಸಲು ಬಳಸುವ ಬ್ಯಾಟರಿ ಚಾಲಿತ ತ್ರಿಚಕ್ರ ವಾಹನವು ಕೆಟ್ಟು ನಿಂತಾಗ, ದುರಸ್ತಿಗಾಗಿ ಅದನ್ನು ಬಾಡಿಗೆ ಪಿಕಪ್‌ನಲ್ಲಿ ತಾಲ್ಲೂಕು ಕೇಂದ್ರಕ್ಕೆ ಕಳುಹಿಸಬೇಕಾಗುತ್ತದೆ. ಇಂತಹ ಸಂದರ್ಭದಲ್ಲಿ ವಾಹನಕ್ಕೆ ಒಂದು ಹಗ್ಗ ಬಿಗಿದು, ಅಲುಗಾಡದಂತೆ ಹಿಡಿದುಕೊಳ್ಳಲು ಇಬ್ಬರು ಸಿಬ್ಬಂದಿಯನ್ನು ಹಿಂಬದಿಯಲ್ಲಿ ನಿಲ್ಲಿಸಿ ಕಳುಹಿಸುವುದುಂಟು. ಈ ರೂಢಿಯು ಪ್ರಾಣಾಪಾಯಕ್ಕೆ ಎಡೆಮಾಡಿಕೊಡುವುದರಿಂದ ಇದನ್ನು ಸಂಪೂರ್ಣವಾಗಿ ಕೈಬಿಡುವುದು ಅಗತ್ಯ.

ಮನುಷ್ಯರು ಹಿಡಿದರೆ ಏಕೆ ಸಾಲದು?

ಪಿಕಪ್ ಹಠಾತ್ತನೆ ನಿಂತಾಗ ಅದರ ಮೇಲಿರುವ ಹೊರೆ ಮುಂದಕ್ಕೆ ನುಗ್ಗುತ್ತದೆ. ಹೊರೆಯನ್ನು ಮುಂದಕ್ಕೆ ಜಾರದಂತೆ ತಡೆಯಲು ಅದರ ತೂಕದ ಶೇ. 80ರಷ್ಟು ಬಲವನ್ನೂ, ಪಕ್ಕಕ್ಕೆ ಮತ್ತು ಹಿಂದಕ್ಕೆ ಜಾರದಂತೆ ತಡೆಯಲು ಶೇ. 50ರಷ್ಟು ಬಲವನ್ನೂ ತಾಳುವಂತೆ ಕಟ್ಟಬೇಕೆಂಬುದು ಯುರೋಪ್ ಮತ್ತು ಆಸ್ಟ್ರೇಲಿಯಾದ ಮಾರ್ಗಸೂಚಿಗಳಲ್ಲಿರುವ ಲೆಕ್ಕ. ಅದರಂತೆ, 400 ಕಿಲೋ ತೂಕದ ವಾಹನವನ್ನು ಮುಂದಕ್ಕೆ ಜಾರದಂತೆ ತಡೆಯಲು 320 ಕಿಲೋ ಭಾರಕ್ಕೆ ಸಮನಾದ ಬಲ ಬೇಕು. ಇಬ್ಬರ ತೋಳುಗಳಿಂದ ಇದು ಸಾಧ್ಯವಿಲ್ಲ. ಹಿಡಿದು ನಿಂತವರೇ ವಾಹನ ಮತ್ತು ಕ್ಯಾಬಿನ್ ನಡುವೆ ಸಿಲುಕುತ್ತಾರೆ.

ಹತ್ತಿಸುವ ಮೊದಲು

ಕಸದ ಪೆಟ್ಟಿಗೆಯನ್ನು ಖಾಲಿ ಮಾಡಿ, ಮುಖ್ಯ ಸ್ವಿಚ್ ಬಂದ್ ಮಾಡಿ, ಕೀಲಿಯನ್ನು ತೆಗೆದಿಡಬೇಕು. ಸೀಸ-ಆಮ್ಲದ ಬ್ಯಾಟರಿಯಲ್ಲಿ ಗಂಧಕಾಮ್ಲವಿರುವುದರಿಂದ ವಾಹನವನ್ನು ಎಂದಿಗೂ ವಾಲಿಸಬಾರದು, ಮಗುಚಿ ಮಲಗಿಸಬಾರದು. ಪಿಕಪ್‌ನ ಹೊರೆ ಸಾಮರ್ಥ್ಯವನ್ನು ನೋಂದಣಿ ಪತ್ರದಲ್ಲಿ ನೋಡಿಕೊಂಡು, ತೊಟ್ಟಿಯ ಉದ್ದ ಅಗಲಗಳನ್ನು ಅಳೆದೇ ಬಾಡಿಗೆ ನಿಗದಿಪಡಿಸಬೇಕು.

ಹತ್ತಿಸುವ ಹಲಗೆಯ ಉದ್ದವು ತೊಟ್ಟಿಯ ಎತ್ತರದ ನಾಲ್ಕು ಪಟ್ಟಾದರೂ ಇರಬೇಕು. ಎತ್ತರ 80 ಸೆಂಟಿಮೀಟರ್ ಇದ್ದರೆ ಹಲಗೆ 3.2 ಮೀಟರ್ ಬೇಕು. ಅಷ್ಟು ಇಳಿಜಾರಿನಲ್ಲಿಯೂ 400 ಕಿಲೋ ವಾಹನವು ಸುಮಾರು 100 ಕಿಲೋ ಬಲದಿಂದ ಹಿಂದಕ್ಕೆ ಜಗ್ಗುತ್ತದೆ. ಉದ್ದನೆಯ ಹಲಗೆ ಇಲ್ಲದಿದ್ದಲ್ಲಿ, ಪಿಕಪ್‌ನ ಹಿಂಬದಿಯನ್ನು ಗಟ್ಟಿಯಾದ ಮಣ್ಣಿನ ದಿಬ್ಬಕ್ಕೆ ತಾಗಿಸಿ ನಿಲ್ಲಿಸಿದರೆ ಏರು ಕಡಿಮೆಯಾಗುತ್ತದೆ. ಹಲಗೆಯ ಮೇಲ್ತುದಿಯನ್ನು ತೊಟ್ಟಿಗೆ ಬಿಗಿಯಾಗಿ ಕಟ್ಟಬೇಕು. ವಾಹನವನ್ನು ಮೇಲಿನಿಂದ ಹಗ್ಗದಲ್ಲಿ ಎಳೆಯಬೇಕೇ ವಿನಾ ಅದರ ಹಿಂದೆ, ಇಳಿಜಾರಿನ ಕೆಳಗೆ ಯಾರೂ ನಿಲ್ಲಬಾರದು. ಇಳಿಸುವಾಗಲೂ ಇದೇ ನಿಯಮ ಪಾಲಿಸಬೇಕು.

ಕಟ್ಟುವ ಕ್ರಮ

1. ಮುಂಗಾಲಿಯನ್ನು ಕ್ಯಾಬಿನ್ ಹಿಂದಿನ ತಡೆಗೋಡೆಗೆ ತಾಗಿಸಿ, ವಾಹನವನ್ನು ತೊಟ್ಟಿಯ ಮಧ್ಯಭಾಗಕ್ಕೆ ಸರಿಯಾಗಿ ನಿಲ್ಲಿಸುವುದು.
2. ಕೈಬ್ರೇಕ್ ಹಾಕಿ, ಪ್ರತಿ ಚಕ್ರದ ಹಿಂದೆ ಮುಂದೆ ಮರದ ಅಡ್ಡೆ ಇಟ್ಟು, ಅವು ಜರುಗದಂತೆ ಬಿಗಿ ಮಾಡುವುದು.
3. ನಾಲ್ಕು ಮೂಲೆಗಳಿಗೆ ನಾಲ್ಕು ಪ್ರತ್ಯೇಕ ಬೆಲ್ಟ್‌ಗಳನ್ನು ಕಟ್ಟುವುದು. ಒಂದು ತುಂಡಾದರೂ ಉಳಿದವು ತಡೆಯುತ್ತವೆ. ನೈಲಾನ್ ಹಗ್ಗ ಹಿಗ್ಗುವುದರಿಂದ ರ‍್ಯಾಚೆಟ್ ಬೆಲ್ಟ್ ಉತ್ತಮ.
4. ಬೆಲ್ಟನ್ನು ಚಾಸಿ ಅಥವಾ ಆಕ್ಸಲ್‌ಗೆ ಹಾಕುವುದು. ಹ್ಯಾಂಡಲ್, ಚಾವಣಿ ಅಥವಾ ಕಸದ ಪೆಟ್ಟಿಗೆಗೆ ಕಟ್ಟಕೂಡದು.
5. ಹಿಂಬದಿ ಬಾಗಿಲನ್ನು ಮುಚ್ಚಿ ಚಿಲಕ ಹಾಕುವುದು. ನಾಲ್ಕೈದು ಕಿಲೋಮೀಟರ್ ಸಾಗಿದ ಬಳಿಕ ಒಮ್ಮೆ ನಿಲ್ಲಿಸಿ, ಸಡಿಲವಾದ ಬೆಲ್ಟ್‌ಗಳನ್ನು ಮತ್ತೆ ಬಿಗಿಯುವುದು.

ಹೊಣೆ ಯಾರದು?

ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 194ರ ಅನ್ವಯ ಮಿತಿಮೀರಿದ ಹೊರೆ ಹೇರುವುದೂ, ಅನುಮತಿಸಿದ ಮಿತಿಗಿಂತ ಹೊರಗೆ ಚಾಚಿದ ಹೊರೆ ಸಾಗಿಸುವುದೂ ದಂಡನಾರ್ಹ. 2019ರ ತಿದ್ದುಪಡಿಯು ಇದಕ್ಕೆ 20,000 ರೂಪಾಯಿ ದಂಡವನ್ನು ಗೊತ್ತುಪಡಿಸಿದೆ. ವಾಹನ ಚಲಾಯಿಸಿದವರಷ್ಟೇ ಅಲ್ಲ, ಹಾಗೆ ಚಲಾಯಿಸಲು ಕಾರಣರಾದವರೂ ಅವಕಾಶ ನೀಡಿದವರೂ ಈ ಕಲಮಿನ ವ್ಯಾಪ್ತಿಗೆ ಬರುತ್ತಾರೆ ಎಂಬುದನ್ನು ಸದಸ್ಯರು ಗಮನಿಸಬೇಕು.

ಸರಕು ವಾಹನದಲ್ಲಿ ಉಚಿತವಾಗಿ ಪ್ರಯಾಣಿಸುವವರ ಸಾವು ನೋವಿಗೆ ವಿಮಾ ಕಂಪನಿಯು ಹೊಣೆಯಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2002ರ ತೀರ್ಪೊಂದರಲ್ಲಿ ಸ್ಪಷ್ಟಪಡಿಸಿದೆ. ತೊಟ್ಟಿಯಲ್ಲಿ ನಿಂತ ಸಿಬ್ಬಂದಿಗೆ ಅಪಘಾತವಾದಲ್ಲಿ ಆ ಕುಟುಂಬವು ಪರಿಹಾರಕ್ಕಾಗಿ ಅಲೆದಾಡಬೇಕಾದೀತು. ಪಂಚಾಯಿತಿಯ ಪರವಾಗಿ ಒಬ್ಬರು ಹೋಗಲೇಬೇಕಾದಲ್ಲಿ ಅವರು ಚಾಲಕರ ಪಕ್ಕದ ಆಸನದಲ್ಲಿ, ಸೀಟ್ ಬೆಲ್ಟ್ ಧರಿಸಿ ಕುಳಿತುಕೊಳ್ಳಬೇಕು.

ಪಂಚಾಯಿತಿಯು ಮಾಡಬಹುದಾದದ್ದು

ನಾಲ್ಕು ರ‍್ಯಾಚೆಟ್ ಬೆಲ್ಟ್, ಒಂದು ಜೊತೆ ಹಲಗೆ ಮತ್ತು ಮರದ ಅಡ್ಡೆಗಳನ್ನು ಖರೀದಿಸಿ ದಾಸ್ತಾನು ವಹಿಯಲ್ಲಿ ನಮೂದಿಸಿಕೊಂಡರೆ ಪ್ರತಿ ಬಾರಿಯೂ ಉಪಯೋಗಕ್ಕೆ ಬರುತ್ತವೆ. ಬಾಡಿಗೆ ವಾಹನದ ನೋಂದಣಿ ಪತ್ರ, ವಿಮೆ, ಅರ್ಹತಾ ಪತ್ರ ಹಾಗೂ ಚಾಲನಾ ಪರವಾನಗಿಯನ್ನು ಪರಿಶೀಲಿಸಿದ ನಂತರವೇ ಸಾಗಣೆಗೆ ಒಪ್ಪಿಗೆ ನೀಡುವುದು ಒಳಿತು. ಕಸದ ವಾಹನಗಳನ್ನು ಅನೇಕ ಕಡೆ ಸ್ವಸಹಾಯ ಸಂಘಗಳ ಮಹಿಳೆಯರೇ ನಡೆಸುತ್ತಿರುವುದರಿಂದ, ಈ ಕ್ರಮವನ್ನು ಅವರಿಗೂ ಒಮ್ಮೆ ಪ್ರತ್ಯಕ್ಷವಾಗಿ ತೋರಿಸಿಕೊಡತಕ್ಕದ್ದು. ವಿಷಯವನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಚರ್ಚಿಸಿ, ತೊಟ್ಟಿಯಲ್ಲಿ ಯಾರನ್ನೂ ನಿಲ್ಲಿಸಿ ಕಳುಹಿಸಬಾರದೆಂದು ನಿರ್ಣಯ ಕೈಗೊಳ್ಳಲು ಸದಸ್ಯರನ್ನು ಕೋರಲಾಗಿದೆ.