ಮೋಟಾರು ತಿರುಗುತ್ತೆ, ನೀರು ಬರೋದಿಲ್ಲ. ಯಾಕೆ?



ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ವಿಶ್ವೇಶ್ವರಯ್ಯ ನಾಲೆ ಇದೆ. ಕೆ.ಆರ್. ಪೇಟೆ, ನಾಗಮಂಗಲದ ಕಡೆ ಹೇಮಾವತಿ ನಾಲೆ ಇದೆ. ಆದರೆ ನಾಲೆ ನೀರು ಎತ್ತರದ ಜಮೀನಿಗೆ ಹತ್ತುವುದಿಲ್ಲ. ಅಲ್ಲಿಗೆ ಬಾವಿಯಿಂದಲೋ ಹಳ್ಳದಿಂದಲೋ ಪಂಪಿನಲ್ಲಿ ನೀರು ಎತ್ತಬೇಕು.

ಒಂದು ದಿನ ಸ್ವಿಚ್ಚು ಹಾಕ್ತೀರಿ. ಮೋಟಾರು ತಿರುಗುತ್ತೆ. ನೀರು ಮಾತ್ರ ಬರೋದಿಲ್ಲ. ಭತ್ತದ ಒಟ್ಲು ಒಣಗ್ತಾ ಇದೆ. ಮೋಟಾರು ಸುಟ್ಟಿತು ಅಂತ ಹೆದರಬೇಡಿ. ಮೊದಲು ಫುಟ್‌ವಾಲ್ವ್ ನೋಡಿ.

ಫುಟ್‌ವಾಲ್ವ್ ಅಂದ್ರೆ ಏನು?

ಅದು ನೀರು ಎಳೆಯುವ ಪೈಪಿನ ತುದಿಯಲ್ಲಿ, ನೀರಿನೊಳಗೆ ಇರುತ್ತೆ. ಹೊರಗೆ ಜಾಲರಿ. ಒಳಗೆ ರಬ್ಬರು ಅಥವಾ ಚರ್ಮದ ಮುಚ್ಚಳ. ಇದು ಒಂದೇ ಕಡೆಗೆ ತೆರೆಯುವ ಬಾಗಿಲು. ನೀರನ್ನು ಮೇಲೆ ಬಿಡುತ್ತೆ, ಕೆಳಗೆ ಇಳಿಯಲು ಬಿಡೋದಿಲ್ಲ. ಪಂಪು ನಿಂತರೂ ಪೈಪು ತುಂಬಿರುತ್ತೆ.

ಮುಚ್ಚಳದ ಸಂದಿಗೆ ಕಲ್ಲು, ಕಡ್ಡಿ ಸಿಕ್ಕಿದರೆ ನೀರು ಇಳಿದುಹೋಗುತ್ತೆ. ಪೈಪಿಗೆ ಗಾಳಿ ತುಂಬುತ್ತೆ. ಗಾಳಿ ತುಂಬಿದ ಪಂಪು ನೀರು ಎಳೆಯಲಾರದು. ನೀರಿಲ್ಲದೆ ತಿರುಗಿದರೆ ಒಳಗಿನ ಸೀಲು ಸುಡುತ್ತೆ. ಆಗ ರಿಪೇರಿಗೆ ದುಡ್ಡು ತೆರಬೇಕು.

ಸ್ವಚ್ಛ ಮಾಡುವುದು ಹೇಗೆ?

1. ಮೈನ್ ಸ್ವಿಚ್ಚು ಆರಿಸಿ. ಫ್ಯೂಸು ಕಿತ್ತು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಆಟೋ ಸ್ಟಾರ್ಟರ್ ಇದ್ದರೆ ಕರೆಂಟು ಬಂದ ಕೂಡಲೇ ಮೋಟಾರು ತಾನೇ ತಿರುಗುತ್ತೆ. ಅದಕ್ಕೇ ಈ ಎಚ್ಚರ.

2. ಪೈಪಿಗೆ ಹಗ್ಗ ಕಟ್ಟಿ ಮೇಲೆ ಎಳೆಯಿರಿ. ನೀರು ತುಂಬಿದ ಪೈಪು ಭಾರ. ಇಬ್ಬರು ಮೂವರು ಬೇಕು.

3. ಪೈಪ್ ಪಾನಾ ಹಾಕಿ ವಾಲ್ವ್ ಬಿಚ್ಚಿ. ಜಾಲರಿಯ ಪಾಚಿ, ಕೆಸರು ಬ್ರಷ್ಷಿನಲ್ಲಿ ತಿಕ್ಕಿ ತೊಳೆಯಿರಿ. ಮುಚ್ಚಳದ ಸಂದಿಯ ಮರಳು ತೆಗೆಯಿರಿ. ರಬ್ಬರು ಹರಿದಿದ್ದರೆ ಹೊಸದು ಹಾಕಿ.

4. ಈಗ ಪರೀಕ್ಷೆ. ಜಾಲರಿ ಕೆಳಗಾಗಿ ಹಿಡಿದು ಮೇಲಿನಿಂದ ನೀರು ಹೊಯ್ಯಿರಿ. ನಿಂತರೆ ಸರಿ. ಸೋರಿದರೆ ಮತ್ತೆ ತೊಳೆಯಿರಿ.

5. ಮರೆಗೆ ಟೇಪು ಸುತ್ತಿ ಬಿಗಿಯಾಗಿ ಕೂಡಿಸಿ. ಪೈಪು ಇಳಿಸಿ. ವಾಲ್ವ್ ನೀರಿನಲ್ಲಿ ಮುಳುಗಿರಲಿ, ತಳದ ಕೆಸರಿಗೆ ತಾಗದಿರಲಿ.

6. ಪಂಪಿನ ಮೇಲಿನ ಬಾಯಿಂದ ನೀರು ತುಂಬಿ. ಗುಳ್ಳೆ ಬರುವುದು ನಿಲ್ಲಬೇಕು. ಬಾಯಿ ಮುಚ್ಚಿ. ಆಮೇಲೆ ಫ್ಯೂಸು ಹಾಕಿ.

ಇಷ್ಟಾದರೂ ನೀರು ಬರಲಿಲ್ವೆ? ಬೇಸಿಗೆಯಲ್ಲಿ ಬಾವಿ ನೀರು ಇಳಿಯುತ್ತೆ. ಪಂಪಿನಿಂದ ನೀರು ಸುಮಾರು 20 ಅಡಿಗಿಂತ ಕೆಳಗಿದ್ದರೆ ಎಳೆಯುವುದು ಕಷ್ಟ. ಪೈಪಿನ ಕೂಡಿಕೆಯಲ್ಲಿ ಗಾಳಿ ಎಳೆದರೂ ನೀರು ಬರೋದಿಲ್ಲ.

ನೆನಪಿಡಿ

ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟಬೇಡಿ. ಬಾವಿಗೆ ಒಬ್ಬರೇ ಇಳಿಯಬೇಡಿ. ಆಳದಲ್ಲಿ ಕೆಟ್ಟ ಗಾಳಿ ಇರಬಹುದು. ಡೀಸೆಲ್ ಎಂಜಿನ್ನನ್ನು ಬಾವಿಯೊಳಗೆ ಇಟ್ಟು ಓಡಿಸಬೇಡಿ. ಅದರ ಹೊಗೆ ಪ್ರಾಣ ತೆಗೆಯುತ್ತೆ. ತಂತಿ ಹರಿದು ಬಿದ್ದಿದ್ದರೆ ದೂರ ನಿಂತು 1912ಕ್ಕೆ ಫೋನು ಮಾಡಿ.

ಕೊಳವೆಬಾವಿಯ ಮೋಟಾರು ನೀರಿನೊಳಗೇ ಇರುತ್ತೆ. ಅದನ್ನು ಮೆಕ್ಯಾನಿಕ್ಕೇ ಎತ್ತಬೇಕು.

ಓದಿ, ಉತ್ತರ ಹೇಳಿ

1. ಫುಟ್‌ವಾಲ್ವ್ ಎಲ್ಲಿ ಇರುತ್ತದೆ?
2. ಫ್ಯೂಸನ್ನು ನಿಮ್ಮ ಹತ್ತಿರವೇ ಯಾಕೆ ಇಟ್ಟುಕೊಳ್ಳಬೇಕು?
3. ನಿಮ್ಮ ಪಂಪಿನ ವಾಲ್ವ್ ತೊಳೆದು ಎಷ್ಟು ದಿನ ಆಯ್ತು? ಬರೆದಿಡಿ.