ತುಕ್ಕು ತಿಂದ ಪೈಪು, ಉಕ್ಕಿ ಬರುವ ನೊರೆ

ಬೆಂಗಳೂರಿನ ಹಳೆಯ ಮನೆಗಳಲ್ಲಿ ಬಚ್ಚಲ ನೀರು ಸಾಗಿಸುವ ಪೈಪು ಇಂದಿಗೂ ಹಲವೆಡೆ ಕಬ್ಬಿಣದ್ದೇ. ವಾಷಿಂಗ್ ಮೆಷಿನ್ ಪಂಪು ನೊರೆನೀರನ್ನು ರಭಸದಿಂದ ನೂಕಿದಾಗ ಪೈಪಿನ ಬಣ್ಣ ಬಯಲಾಗುತ್ತದೆ.

ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪಿನ ಲೇಪ ಸವೆದ ಮೇಲೆ ಒಳಗೆ ತುಕ್ಕು ಗಂಟುಗಟ್ಟುತ್ತದೆ. ಬಟ್ಟೆಯ ನೂಲು, ಸೋಪಿನ ಜಿಡ್ಡು ಅದಕ್ಕೇ ಅಂಟುತ್ತವೆ. ನೀರು ನಿಲ್ಲುವ ತಳಭಾಗ ಸಾಮಾನ್ಯವಾಗಿ ಮೊದಲು ತೂತಾಗುತ್ತದೆ.

ತೂತಿಗೆ ಎಂ-ಸೀಲ್ ಪುಟ್ಟಿ ಮೆತ್ತಿದರೆ ಸೋರಿಕೆ ನಿಲ್ಲಬಹುದು, ತುಕ್ಕು ನಿಲ್ಲದು.

ನುರಿತ ಪ್ಲಂಬರ್ ತಟ್ಟಿ ನೋಡಿ, ಗಟ್ಟಿ ಲೋಹ ಸಿಗುವವರೆಗೂ ಕತ್ತರಿಸುತ್ತಾರೆ. ಅಲ್ಲಿಂದ ಮುಂದೆ ಪಿವಿಸಿ. ನಡುವೆ ಸ್ಟೀಲ್ ಕ್ಲ್ಯಾಂಪಿನ ರಬ್ಬರ್ ಕಪ್ಲಿಂಗ್. ಪಿವಿಸಿ ಅಂಟು ಕಬ್ಬಿಣವನ್ನು ಹಿಡಿಯದು! ವಾಸನೆ ತಡೆಯಲು ಟ್ರ್ಯಾಪ್ ಬೇಕೇ ಬೇಕು. ಪೈಪಿನ ಬಾಯಲ್ಲಿ ಮೆಷಿನ್ ಹೋಸ್ ಸುತ್ತ ಗಾಳಿಗೆ ಜಾಗ ಬಿಡಬೇಕು. ಬಿಗಿದು ಮುಚ್ಚಿದರೆ ಕೊಳೆನೀರು ಮೆಷಿನ್ನಿಗೇ ಹಿಂದಿರುಗೀತು. ಗೋಡೆಗೆ ಗಾರೆ ಮೆತ್ತುವ ಮುನ್ನ ಪೂರ್ತಿ ಲೋಡ್ ಓಡಿಸಿ, ಜೋಡಣೆಗೆ ಒಣ ಕಾಗದ ಒತ್ತಿ ನೋಡಲೇಬೇಕು.