‘ಕಂಪ್ಯೂಟರ್ ಹೋಗಿದೆ’ ಅಂದರು, ಹೋಗಿದ್ದು ಫ್ಯೂಸು!

ದಾವಣಗೆರೆ: ಮಂಡಿಪೇಟೆಯ ಕಿರಾಣಿ ವ್ಯಾಪಾರಿಯೊಬ್ಬರ 2003ರ ವ್ಯಾನು ಮೊನ್ನೆ ಬೆಳಿಗ್ಗೆ ಸರಕು ಹೇರಿದ ಮೇಲೆ ಮುಷ್ಕರ ಹೂಡಿತು. ಸ್ಟಾರ್ಟರ್ ಗರಗರ ತಿರುಗುತ್ತದೆ, ಎಂಜಿನ್ ಮಾತ್ರ ಸ್ಟಾರ್ಟ್ ಆಗುವುದಿಲ್ಲ. ಗ್ಯಾರೇಜಿನವರೊಬ್ಬರು ಬಂದು ನೋಡಿ, "ಕಂಪ್ಯೂಟರ್ ಹೋಗೇತಿ, 15 ಸಾವಿರ ಆಗುತ್ರೀ" ಎಂದರು. ಮೂಗಿಗಿಂತ ಮೂಗುತಿ ಭಾರ!

ಪುಣ್ಯಕ್ಕೆ ಪಕ್ಕದಂಗಡಿಯವರು ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆತಂದರು. ಅವರು ಕೀ ಆನ್ ಮಾಡಿ, ಸ್ಟಾರ್ಟ್ ಮಾಡದೆ ಸುಮ್ಮನೆ ಕೂತರು. "ನೋಡ್ರಿ, ಎಂಜಿನ್ ಚಿತ್ರದ ಹಳದಿ ದೀಪ ಹತ್ತಬೇಕು. ಪೆಟ್ರೋಲ್ ಪಂಪು ಎರಡು ಸೆಕೆಂಡ್ ಗುಂಯ್ ಅನ್ನಬೇಕು. ಎರಡೂ ಇಲ್ಲ. ಕಂಪ್ಯೂಟರ್‌ಗೆ ಕರೆಂಟೇ ಹೋಗಿಲ್ಲ. ಊಟ ಇಕ್ಕದೆ ಆಳು ಕೆಲಸ ಮಾಡಲ್ಲ ಅಂದ್ರೆ ಹೆಂಗ್ರಿ?"

ಫ್ಯೂಸ್ ಪೆಟ್ಟಿಗೆ ತೆರೆದರೆ 15 ಆಂಪಿಯರಿನ ನೀಲಿ ಫ್ಯೂಸು ಸುಟ್ಟಿತ್ತು. ಹೊಸದು ಹಾಕಿದರು, ಅದೂ ಚಟ್ ಎಂದಿತು. ಬಹಳ ಜನ ಎಡವುವುದು ಇಲ್ಲೇ. ತಾಮ್ರದ ತಂತಿ ಸುತ್ತುತ್ತಾರೆ, ಇಲ್ಲವೇ 30ರ ಹಸಿರು ಫ್ಯೂಸು ತುರುಕುತ್ತಾರೆ. ಆಮೇಲೆ ಸುಡುವುದು ಫ್ಯೂಸಲ್ಲ, ವೈರು. ಅದರ ಹಿಂದೆಯೇ ವ್ಯಾನು!

ಹಿರಿಯರು ವೈರಿನ ಜಾಡು ಹಿಡಿದರು. ಸೀಟಿನಡಿ, ಎಂಜಿನ್ ಪಕ್ಕದಲ್ಲಿ ವೈರಿನ ಪ್ಲಾಸ್ಟಿಕ್ ಸವೆದು ಬಾಡಿಗೆ ತಾಗುತ್ತಿತ್ತು. ಟೇಪು ಸುತ್ತಿ, ದೂರ ಸರಿಸಿ ಕಟ್ಟಿ, ಮತ್ತೆ 15ರದೇ ಫ್ಯೂಸು ಹಾಕಿದರು. ವ್ಯಾನು ಒಂದೇ ಏಟಿಗೆ ಹೊರಟಿತು. ಕೂಲಿ ಸೇರಿ ಖರ್ಚು 300 ರೂಪಾಯಿ.

ಮಾರುತಿ 800ರಂಥ ಚಿಕ್ಕ ಕಾರಿಗೂ 2000ದ ಆಸುಪಾಸಿನಲ್ಲೇ ಕಾರ್ಬ್ಯುರೇಟರ್ ಹೋಗಿ ಎಂಪಿಎಫ್‌ಐ ಬಂತು. ಅಂದಿನಿಂದ ಪೆಟ್ರೋಲ್ ಎಷ್ಟು, ಯಾವಾಗ ಎಂದು ಲೆಕ್ಕ ಹಾಕುವುದು ಕಂಪ್ಯೂಟರ್. ಆ ಗಾಡಿಗಳಿಗೆಲ್ಲ ಈಗ ವಯಸ್ಸಾಗಿದೆ. ಆದರೆ ಮೊದಲು ಮುಪ್ಪಾಗುವುದು ವೈರು, ಬ್ಯಾಟರಿ ಟರ್ಮಿನಲ್, ತುಕ್ಕು ಹಿಡಿದ ಅರ್ಥಿಂಗ್.

ಕಂಪ್ಯೂಟರ್ ಕೆಡುವುದೇ ಇಲ್ಲವೆಂದಲ್ಲ. ನೀರು ಹೊಕ್ಕರೆ, ಬ್ಯಾಟರಿ ಉಲ್ಟಾ ಕೊಟ್ಟರೆ, ಎಂಜಿನ್ ಓಡುವಾಗಲೇ ಬ್ಯಾಟರಿ ಟರ್ಮಿನಲ್ ಬಿಚ್ಚಿದರೆ ಕೆಟ್ಟೀತು. ಆದ್ದರಿಂದ "ಕಂಪ್ಯೂಟರ್ ಹೋಗಿದೆ" ಎಂದವರನ್ನು ಎರಡೇ ಮಾತು ಕೇಳಿ: "ಅದಕ್ಕೆ ಕರೆಂಟ್ ಬರ್ತಿದೆಯಾ? ಅರ್ಥಿಂಗ್ ಸರಿ ಇದೆಯಾ? ಮೀಟರ್ ಇಟ್ಟು ತೋರಿಸಿ." ತೋರಿಸದಿದ್ದರೆ ಜೇಬಿಗೆ ಕೈ ಹಾಕಬೇಡಿ.

10 ರೂಪಾಯಿ ಫ್ಯೂಸು ಮೊದಲು, 15 ಸಾವಿರದ ಪೆಟ್ಟಿಗೆ ಆಮೇಲೆ!